ಐದು ಬೇಸಿಗೆ ಕಂಡ ಇಂಡಕ್ಷನ್ ಒಲೆ: ಕಲಬುರಗಿಯ ಅಡುಗೆಮನೆಯ ಅನುಭವ

ಏಪ್ರಿಲ್-ಮೇ ತಿಂಗಳಲ್ಲಿ ಕಲಬುರಗಿಯಲ್ಲಿ ಅಡುಗೆ ಮಾಡುವವರ ಕಷ್ಟ ಮಾಡಿದವರಿಗೇ ಗೊತ್ತು. ಹೊರಗೆ 42 ಡಿಗ್ರಿ ಬಿಸಿಲು, ಒಳಗೆ ಗ್ಯಾಸಿನ ಉರಿ. ತಲೆಯ ಮೇಲೆ ಫ್ಯಾನ್ ಇದ್ದರೂ ಹಾಕುವ ಹಾಗಿಲ್ಲ. ಹಾಕಿದರೆ ಉರಿ ಒಂದು ಕಡೆ ವಾಲುತ್ತದೆ, ಸಿಮ್‌ನಲ್ಲಿದ್ದರೆ ಆರಿಯೇ ಹೋಗುತ್ತದೆ. ನಾನು 2021ರ ಮಾರ್ಚ್‌ನಲ್ಲಿ ಇಂಡಕ್ಷನ್ ಒಲೆ ತಂದದ್ದು ಈ ಫ್ಯಾನಿನ ಸಲುವಾಗಿ. ಉಳಿತಾಯದ ಲೆಕ್ಕ ಆಮೇಲೆ ಬಂತು. ಐದು ಬೇಸಿಗೆ ಕಳೆದ ಮೇಲೆ ಬರೆಯುತ್ತಿದ್ದೇನೆ, ಯಾಕಂದರೆ ಕೊಂಡ ವಾರದಲ್ಲೇ ಬರೆದ ಹೊಗಳಿಕೆಯನ್ನು ಓದಿ ನಾನೂ ಒಂದೆರಡು ಕಡೆ ಏಮಾರಿದ್ದೇನೆ.

ಒಲೆಗೆ ಕೊಟ್ಟದ್ದು 2,600 ರೂಪಾಯಿ, 2000 ವ್ಯಾಟಿನದು. ಅದಕ್ಕಿಂತ ಹೆಚ್ಚು ಪಾತ್ರೆಗೆ ಹೋಯಿತು. ಈ ಒಲೆಯ ಗಾಜಿನ ಕೆಳಗೆ ತಾಮ್ರದ ಸುರುಳಿ ಇರುತ್ತದೆ. ಅದರಲ್ಲಿ ಹರಿಯುವ ಕರೆಂಟ್ ಕಾಂತಕ್ಷೇತ್ರ ಹುಟ್ಟಿಸಿ ಪಾತ್ರೆಯ ತಳವನ್ನೇ ಕಾಯಿಸುತ್ತದೆ. ಹಾಗಾಗಿ ಅಯಸ್ಕಾಂತ ಹಿಡಿಯುವ ತಳ ಬೇಕು. ಅಲ್ಯೂಮಿನಿಯಂ ಕುಕ್ಕರ್, ಹಿತ್ತಾಳೆ ಬೋಗುಣಿ, ಅತ್ತೆಯವರು ತವರಿನಿಂದ ತಂದ ಕಲ್ಲಿನ ಪಾತ್ರೆ, ಯಾವುದೂ ನಡೆಯಲಿಲ್ಲ. ಫ್ರಿಜ್ ಬಾಗಿಲಿಗೆ ಅಂಟಿಸಿದ್ದ ಅಯಸ್ಕಾಂತವನ್ನು ಕಿತ್ತುಕೊಂಡು ಪಾತ್ರೆ ಅಂಗಡಿಗೆ ಹೋದೆ. ಒಂದೊಂದನ್ನೂ ಬೋರಲು ಹಾಕಿ ತಳಕ್ಕೆ ಹಚ್ಚಿ ನೋಡಿದೆ. ಫಳಫಳ ಹೊಳೆಯುವ ಸ್ಟೀಲ್ ಡಬರಿಗಳಲ್ಲೇ ಎಷ್ಟೋ ಹಿಡಿಯಲಿಲ್ಲ. ನೀವೂ ಹೀಗೇ ಮಾಡಿ, ಅಂಗಡಿಯವರ ಮಾತಿನ ಮೇಲೆ ಬಿಡಬೇಡಿ.

ಇನ್ನೊಂದು ಖರ್ಚು ವೈರಿಂಗಿನದು. ಮೊದಲ ತಿಂಗಳು ಮಿಕ್ಸಿ ಹಾಕುವ 6 ಆಂಪಿಯರ್ ಸಾಕೆಟ್‌ಗೆ ಅಡಾಪ್ಟರ್ ಇಟ್ಟು ನಡೆಸಿದೆ. ಒಂದು ದಿನ ಸುಟ್ಟ ವಾಸನೆ ಬಂತು. ಕಿತ್ತು ನೋಡಿದರೆ ಅಡಾಪ್ಟರ್ ಕಂದುಬಣ್ಣಕ್ಕೆ ತಿರುಗಿತ್ತು. 2000 ವ್ಯಾಟ್ ಅಂದರೆ ಹೆಚ್ಚುಕಮ್ಮಿ 9 ಆಂಪಿಯರ್. 16 ಆಂಪಿಯರ್ ಸಾಕೆಟ್, ಅದಕ್ಕೆ ಬೋರ್ಡಿನಿಂದಲೇ ಎಳೆದ ದಪ್ಪ ವೈರು, ಬೇರೆ ಎಂಸಿಬಿ (ಕರೆಂಟ್ ಮಿತಿಮೀರಿದರೆ ತಾನೇ ಆರುವ ಸ್ವಿಚ್ಚು), ಇಷ್ಟು ಇಲ್ಲದೆ ದಿನನಿತ್ಯ ಬಳಸುವುದು ಅಪಾಯ. ಇದನ್ನು ಅಂಗಡಿಯಲ್ಲಿ ಯಾರೂ ಹೇಳಲಿಲ್ಲ.

ಇನ್ನು ರೊಟ್ಟಿ. ನಮ್ಮದು ಜೋಳದ ಸೀಮೆ, ಆರು ಮಂದಿಯ ಮನೆ, ದಿನಕ್ಕೆ ಇಪ್ಪತ್ತಾದರೂ ರೊಟ್ಟಿ ಬೇಕು. ಒಲೆ ಬಂದ ದಿನ ಅತ್ತೆ ಅದರ ಗಾಜಿನ ಮೇಲೆ ಕೈಯಾಡಿಸಿ, "ಬೆಂಕೀನೇ ಕಾಣಂಗಿಲ್ಲ, ಇದರ ಮ್ಯಾಲ ರೊಟ್ಟಿ ಹ್ಯಾಂಗ ಬೇಯ್ತದವ್ವಾ?" ಅಂದರು. ಸಮತಳದ ಕಬ್ಬಿಣದ ತವೆ ತಂದು ನಾನೇ ಬಡಿದು ಹಾಕಿದೆ. ಮೇಲೆ ನೀರು ಸವರಿದೆ, ನೀರು ಆರಿದ ಮೇಲೆ ಮಗುಚಿದೆ, ಬಟ್ಟೆಯಿಂದ ಒತ್ತಿದೆ. ನಡುವೆ ಕಪ್ಪು ಚುಕ್ಕೆಗಳ ಬಳೆ ಬಿತ್ತು, ಅಂಚು ಹಸಿಹಿಟ್ಟಿನ ಬಣ್ಣದಲ್ಲೇ ಉಳಿಯಿತು. ತಪ್ಪು ಕೈಯದಲ್ಲ. ಒಳಗಿನ ಸುರುಳಿ ಅಂಗೈಯಗಲಕ್ಕಿಂತ ಸ್ವಲ್ಪ ದೊಡ್ಡದು, ರೊಟ್ಟಿ ಅದರ ದುಪ್ಪಟ್ಟು ಅಗಲ. ತವೆಯನ್ನು ಸಣ್ಣ ಉರಿಯಲ್ಲಿ ಹತ್ತು ನಿಮಿಷ ಕಾಯಿಸಿ ನೋಡಿದೆ, ಸ್ವಲ್ಪ ಸುಧಾರಿಸಿತು. ಆದರೆ ತವೆ ಇಳಿಸಿ ಉರಿಯ ಮೇಲೆ ಹಿಡಿದಾಗ ರೊಟ್ಟಿ ಬುಸ್ಸೆಂದು ಉಬ್ಬುತ್ತದಲ್ಲ, ಅದನ್ನು ಎಲ್ಲಿಂದ ತರುವುದು? ಆರು ತಿಂಗಳು ಹೆಣಗಿ ಬಿಟ್ಟುಕೊಟ್ಟೆ. ಅತ್ತೆಯ ಮಾತೇ ಸರಿ. ಬದನೆಕಾಯಿ ಸುಡುವುದು, ಹಪ್ಪಳ ಸುಡುವುದೂ ಗ್ಯಾಸಿನದೇ ಕೆಲಸ. ಒಗ್ಗರಣೆ ಸೌಟು ಇಟ್ಟರೆ ಪಾತ್ರೆಯೇ ಇಲ್ಲ ಅಂತ ತಿಳಿದು ಕೀಂ ಕೀಂ ಅನ್ನುತ್ತದೆ.

ಆದರೆ ತೊಗರಿ ಬೇಳೆ, ಅನ್ನ, ಚಹಾ, ಹಾಲು, ಸ್ನಾನದ ನೀರು? ಇವುಗಳ ಮಟ್ಟಿಗೆ ನಾನು ಗ್ಯಾಸಿಗೆ ಮರಳುವುದಿಲ್ಲ. ಕುಕ್ಕರ್ ಇಟ್ಟು 1200ಕ್ಕೆ ಒತ್ತಿ ಟೈಮರ್ ಹಾಕಿದರೆ ನಾನು ಹಿತ್ತಲಲ್ಲಿ ಬಟ್ಟೆ ಒಣಹಾಕಿ ಬರಬಹುದು. ಸೀಟಿ ಎಣಿಸುವ ಕೆಲಸ ತಪ್ಪಿತು. ಎಲ್ಲಕ್ಕಿಂತ ಮುಖ್ಯವಾಗಿ ಫ್ಯಾನ್ ತಿರುಗುತ್ತಿರುತ್ತದೆ. ಮೊದಲ ಮೇ ತಿಂಗಳಲ್ಲಿ ಒಲೆಯ ಮುಂದೆ ನಿಂತಾಗ ಬೆನ್ನಿಗೆ ಗಾಳಿ ತಾಗಿದ್ದು ನನಗೆ ಇವತ್ತಿಗೂ ನೆನಪಿದೆ. ಗ್ಯಾಸಿನ ಉರಿಯಿಂದ ನೈಟ್ರೋಜನ್ ಡೈಆಕ್ಸೈಡ್ ಅನ್ನುವ, ಉಸಿರಿಗೆ ಕೆಟ್ಟದಾದ ಅನಿಲ ಕೂಡ ಹೊರಬರುತ್ತದೆ. ಉರಿ ಅಲುಗಬಾರದು ಅಂತ ಕಿಟಕಿಯನ್ನೂ ಮುಚ್ಚುವ ನಮ್ಮಂಥವರ ಮನೆಯಲ್ಲಿ ಅದನ್ನು ಕುಡಿಯುವವರು ಅಡುಗೆ ಮಾಡುವವರೇ. ಗ್ಯಾಸೋ ಕರೆಂಟೋ ಅಂತ ವಾದ ಮಾಡುವ ಗಂಡಸರು ದುಡ್ಡಿನ ಲೆಕ್ಕದಲ್ಲೇ ನಿಂತುಬಿಡುತ್ತಾರೆ. ಮೇ ತಿಂಗಳಲ್ಲಿ ಒಂದು ವಾರ ಅಡುಗೆಮನೆಯಲ್ಲಿ ನಿಂತು ನೋಡಲಿ ಅಂತ ನನ್ನ ಮನವಿ.

ದುಡ್ಡಿನ ಲೆಕ್ಕವನ್ನೂ ಹೇಳುತ್ತೇನೆ. 14.2 ಕೆಜಿ ಸಿಲಿಂಡರಿನಲ್ಲಿ ಸುಮಾರು 180 ಯೂನಿಟ್‌ನಷ್ಟು ಶಾಖ ಇರುತ್ತದೆ. ಅದರಲ್ಲಿ ನೂರು ಚಿಲ್ಲರೆ ಪಾತ್ರೆಗೆ ಮುಟ್ಟುತ್ತದೆ, ಮಿಕ್ಕದ್ದು ಅಡುಗೆಮನೆಗೆ, ನಮ್ಮ ಮೈಗೆ. ಅಷ್ಟೇ ಅಡುಗೆಗೆ ಇಂಡಕ್ಷನ್ 130 ಯೂನಿಟ್ ತಿನ್ನುತ್ತದೆ. ಯೂನಿಟ್‌ಗೆ 6 ರೂಪಾಯಿ ಹಿಡಿದರೆ 780 ಆಯಿತು. ಸಿಲಿಂಡರ್ 2023ರಲ್ಲಿ 1,100 ದಾಟಿದ್ದಾಗ ಕರೆಂಟೇ ಅಗ್ಗ. ಆ ಆಗಸ್ಟ್‌ನಲ್ಲಿ 200, 2024ರ ಮಾರ್ಚ್‌ನಲ್ಲಿ 100 ಇಳಿದು, 2025ರ ಏಪ್ರಿಲ್‌ನಲ್ಲಿ 50 ಏರಿದ ಮೇಲೆ ಎರಡಕ್ಕೂ ದೊಡ್ಡ ಅಂತರ ಉಳಿಯಲಿಲ್ಲ.

"ಗೃಹಜ್ಯೋತಿ ಇದೆಯಲ್ಲ, ಕರೆಂಟ್ ಪುಕ್ಕಟೆ" ಅನ್ನುವವರಿಗೆ ಒಂದು ಮಾತು. 200 ಯೂನಿಟ್ ಎಲ್ಲರಿಗೂ ಪೂರ್ತಿ ಸಿಗುವುದಿಲ್ಲ. 2023ರಲ್ಲಿ ಯೋಜನೆ ಬಂದಾಗಿನ ನಿಯಮದಂತೆ 2022-23ರ ಸರಾಸರಿ ಬಳಕೆಗೆ ಶೇ 10 ಸೇರಿಸಿದಷ್ಟೇ ಪಾಲು. ನಾನು ಅದಕ್ಕೂ ಮೊದಲೇ ಒಲೆ ಕೊಂಡಿದ್ದರಿಂದ ಸರಾಸರಿ 132 ಇತ್ತು, 145ರವರೆಗೆ ಬಿಲ್ಲಿಲ್ಲ. ಪಕ್ಕದ ಮನೆಯವರ ಸರಾಸರಿ 58. ಯೋಜನೆ ಬಂದ ಮೇಲೆ ಒಲೆ ತಂದರು, ಹೆಚ್ಚಾದ ಯೂನಿಟ್‌ಗಳಿಗೆ ಬಿಲ್ಲು ಬಂತು. ಪಾಪ, ಮೀಟರ್ ಓದುವ ಹುಡುಗನ ಮೇಲೆ ರೇಗಿದರು. ಕೊಳ್ಳುವ ಮೊದಲು ಹಳೇ ಬಿಲ್ಲು ತೆಗೆದು ನೋಡಿಕೊಳ್ಳಿ.

ಬಾಳಿಕೆ ಅಷ್ಟಕ್ಕಷ್ಟೆ. ಎರಡನೇ ಮಳೆಗಾಲದಲ್ಲಿ ಒಲೆ ಸತ್ತಿತು. ಕಂಪನಿಯ ಸರ್ವಿಸ್‌ನವರು ಬೋರ್ಡೇ ಬದಲಿಸಬೇಕು, 1,800 ಅಂದರು. ನಮ್ಮ ಓಣಿಯ ಟಿವಿ ರಿಪೇರಿಯವರು ತೆರೆದರೆ ಒಳಗೆ ಜಿರಲೆ ಸತ್ತುಬಿದ್ದು ಸರ್ಕ್ಯೂಟ್ ಸುಟ್ಟಿತ್ತು. ಐಜಿಬಿಟಿ (ಸುರುಳಿಗೆ ಕರೆಂಟ್ ಬಿಟ್ಟು ತಡೆಯುವ ಬಿಡಿಭಾಗ), ಫ್ಯೂಸ್ ಬದಲಿಸಿ 450 ತೆಗೆದುಕೊಂಡರು. ಅಂದಿನಿಂದ ರಾತ್ರಿ ಒಲೆಯನ್ನು ಒರೆಸಿ ಬಟ್ಟೆಯ ಚೀಲದಲ್ಲಿಟ್ಟು ಕಟ್ಟುತ್ತೇನೆ. ಆಮೇಲೆ ಕೆಟ್ಟಿಲ್ಲ. ಅಡುಗೆ ಮುಗಿದ ಕೂಡಲೇ ಗೋಡೆಯ ಸ್ವಿಚ್ ಆರಿಸಬೇಡಿ, ಒಳಗಿನ ಸಣ್ಣ ಫ್ಯಾನ್ ತಾನಾಗಿ ನಿಲ್ಲಲಿ.

ಇನ್ನೊಂದು ಕೊರತೆ ಸಣ್ಣ ಉರಿಯದು. ಇಂಥ ಅಗ್ಗದ ಒಲೆಗಳಲ್ಲಿ ಸಣ್ಣ ಉರಿ ಅಂದರೆ ದೊಡ್ಡ ಉರಿಯೇ ಬಿಟ್ಟು ಬಿಟ್ಟು ಬರುವುದು. ಹಾಲು ಉಕ್ಕುತ್ತದೆ, ಕೂರುತ್ತದೆ, ಮತ್ತೆ ಉಕ್ಕುತ್ತದೆ. ಹಬ್ಬಕ್ಕೆ ಇಟ್ಟ ಗೋಧಿ ಹುಗ್ಗಿ ಒಮ್ಮೆ ತಳ ಹತ್ತಿತು. ಅದು ಈಗ ಗ್ಯಾಸಿನ ಮೇಲೆಯೇ.

ಸಂಜೆ ವೋಲ್ಟೇಜ್ ಬಿದ್ದಾಗ, ಕರೆಂಟ್ ಹೋದಾಗ ಗ್ಯಾಸೇ ಗತಿ. ಮನೆಯ ಇನ್ವರ್ಟರ್ ಇದನ್ನು ಎಳೆಯುವುದಿಲ್ಲ. ಹಾಗಾಗಿ ಗ್ಯಾಸ್ ಕನೆಕ್ಷನ್ ತೆಗೆಯುವ ಯೋಚನೆ ನಮಗಿಲ್ಲ. ತಿಂಗಳಿಗೊಂದು ಬೇಕಿದ್ದ ಸಿಲಿಂಡರ್ ಈಗ ಐವತ್ತು ದಿನ ಬರುತ್ತದೆ.

ಅತ್ತೆ ಬೆಳಿಗ್ಗೆ ನಾನು ಏಳುವ ಮೊದಲೇ ಇದರ ಮೇಲೆ ಚಹಾ ಇಡುತ್ತಾರೆ. ಬೇಸಿಗೆಯಲ್ಲಿ ರೊಟ್ಟಿಯನ್ನು ಆರು ಗಂಟೆಯ ಒಳಗೇ ಗ್ಯಾಸಿನ ಮೇಲೆ ಬಡಿದು ಮುಗಿಸಿ, ಬರ್ನರ್ ಆರಿಸಿ, "ಇನ್ನ ಫ್ಯಾನ್ ಹಾಕವ್ವಾ" ಅಂತಾರೆ. ಬೇಳೆ, ಅನ್ನ, ಪಲ್ಯ ಆಮೇಲೆ ಗಾಳಿಯಲ್ಲಿ ನಿಂತು ಮಾಡುತ್ತೇವೆ.