ಗಾಜಿನ ಜಾರಾ, ತಗಡಿನ ಡಬ್ಬಿನಾ? ಮೇಣದಬತ್ತಿ ವಿಷಯಕ್ಕೆ ನನ್ನ ಓಟು ಡಬ್ಬಿಗೇ

ಮೊದಲೇ ಹೇಳ್ಬಿಡ್ತೀನಿ, ಮುಚ್ಚಳ ಇರೋ ತಗಡಿನ ಡಬ್ಬಿ ಕ್ಯಾಂಡಲ್ಲೇ ಬೆಸ್ಟು. 750 ರೂಪಾಯಿ ಕೊಟ್ಟು ತಂದ, ಮೇಣ ತುಂಬಿದ ಗಾಜಿನ ಜಾರು ಸೀಳು ಬಿಟ್ಟ ಮೇಲೆ ಬಂದ ಬುದ್ಧಿ ಇದು.

ವಿಜಯನಗರದಲ್ಲಿ ಎರಡನೇ ಮಹಡಿ ಬಾಡಿಗೆ ಮನೆ, ಯುಪಿಎಸ್ ಇಲ್ಲ. ಏಪ್ರಿಲ್-ಮೇನಲ್ಲಿ ಸಂಜೆ ಗಾಳಿ ಮಳೆ ಶುರುವಾದ್ರೆ ಎಲ್ಲೋ ಒಂದು ಕೊಂಬೆ ತಂತಿ ಮೇಲೆ ಬಿದ್ದು ಕರೆಂಟ್ ಹೋಗುತ್ತೆ, ಹಾಗಾಗಿ ಮೇಣದಬತ್ತಿ ಇರಲೇಬೇಕು. ಅದು ಬಿಟ್ರೆ ರಾತ್ರಿ ಲೈಟ್ ಆಫ್ ಮಾಡಿ ಒಂದು ಬತ್ತಿ ಹಚ್ಕೊಂಡು ಹಾಡು ಕೇಳ್ತಾ ಕೂರೋ ಚಟ ನನಗೆ.

ತಮಾಷೆ ಏನಂದ್ರೆ ಕರೆಂಟ್ ಹೋದಾಗ ಜಾರು ಚೆನ್ನಾಗೇ ಉರೀತಿತ್ತು, ಯಾಕಂದ್ರೆ ಫ್ಯಾನೂ ನಿಂತಿರುತ್ತಲ್ಲ. ಕಾಟ ಕೊಟ್ಟಿದ್ದು ಕರೆಂಟ್ ಇದ್ದಾಗ. ಮೇಲೆ ಫ್ಯಾನ್ ಗಿರಗಿರ ಅಂತಿದ್ರೆ ಉರಿ ಒಂದೇ ಕಡೆ ವಾಲ್ಕೊಂಡು ಗಾಜನ್ನ ನೆಕ್ತಾ ಇರುತ್ತೆ, ಆ ಕಡೆ ಬರೀ ಮಸಿ.

ನಂದೂ ತಪ್ಪಿದೆ. ಹಚ್ಚಿ ಅರ್ಧ ಗಂಟೆಗೆಲ್ಲಾ ಆರಿಸ್ತಿದ್ದೆ, ಅದಕ್ಕೆ ಬತ್ತಿ ಸುತ್ತ ಮಾತ್ರ ಕರಗಿ ನಡುವೆ ಬಾವಿ ತರ ಗುಂಡಿ ಬಿತ್ತು, ಅಂಚಿನ ಮೇಣ ಹಾಗೇ ಉಳೀತು. ಮೂರಿಂಚು ಅಗಲದ ಜಾರಾದ್ರೆ ಮೊದಲ ಸಲ ಹೆಚ್ಚುಕಮ್ಮಿ ಮೂರು ಗಂಟೆ ಉರಿಸಿ ಮೇಲ್ಭಾಗ ಪೂರ್ತಿ ಕರಗಿಸ್ಬೇಕಂತೆ, ಆಮೇಲೆ ಗೊತ್ತಾಯ್ತು. ನಾನು ಚಮಚದಲ್ಲಿ ಮೇಣ ಕೆರೆದು ತೆಗೆದೆ, ಬತ್ತಿ ಉದ್ದ ಆಯ್ತು, ಉರಿ ಇನ್ನೂ ಎತ್ತರ ಎದ್ದು ಒಂದಿನ ಟಕ್ ಅಂತ ಸದ್ದು, ಬಾಯಿಂದ ಕೆಳಗಿನ ತನಕ ಸೀಳು, ಬಿಸಿ ಮೇಣ ಟೀವಿ ಸ್ಟ್ಯಾಂಡ್ ಮೇಲೆಲ್ಲಾ. ಒಂದು ಕಡೆ ಕಾದು ಇನ್ನೊಂದು ಕಡೆ ತಣ್ಣಗಿದ್ರೆ ಗಾಜು ತಡ್ಕೊಳ್ಳಲ್ಲ. ಈಗ ಹಚ್ಚೋ ಮುಂಚೆ ನೇಲ್ ಕಟರ್‌ನಲ್ಲಿ ಬತ್ತಿನ ಕಾಲಿಂಚಿಗೆ ಕತ್ತರಿಸ್ತೀನಿ, ಫ್ಯಾನ್ ಗಾಳಿ ನೇರವಾಗಿ ಬೀಳದ ಮೂಲೇಲಿ ಇಡ್ತೀನಿ, ಕರ್ಟನ್ನಿಂದ ಒಂದಡಿ ದೂರ.

ಅಂಗಡೀಲಿ ಸಿಗೋ ಉದ್ದ ಮೇಣದಬತ್ತಿ ಅಗ್ಗ. ಸ್ಟೀಲ್ ಮುಚ್ಚಳಕ್ಕೆ ನಾಲ್ಕು ಹನಿ ಮೇಣ ಬಿಟ್ಟು ಅಂಟಿಸೋ ಅಭ್ಯಾಸ ಎಲ್ರಿಗೂ ಇರುತ್ತೆ, ಆದ್ರೆ ಮೇಣದಬತ್ತಿ ಗಿಡ್ಡ ಆಗ್ತಾ ಬುಡ ಮೆತ್ತಗಾಗಿ ವಾಲುತ್ತೆ. ಅಗಲ ಲೋಟಕ್ಕೆ ಮರಳು ತುಂಬಿ ಸಿಗಿಸಿದ್ರೆ ಗಟ್ಟಿ.

ಟೀ ಲೈಟ್, ಅಂದ್ರೆ ತೆಳು ಲೋಹದ ಪುಟ್ಟ ಬಟ್ಟಲಲ್ಲಿ ಬರೋ ಮೇಣದಬತ್ತಿ, ಮೂರ್ನಾಲ್ಕು ಗಂಟೆ ಬರುತ್ತೆ. ದೀಪಾವಳಿಗೆ ತಟ್ಟೇಲಿ ಒತ್ತೊತ್ತಾಗಿ ಇಟ್ಟು ಒಂದರ ಬಿಸಿಗೆ ಇನ್ನೊಂದು ಕಾದು ಉರಿ ಭಗ್ ಅಂದಿತ್ತು, ಅಮ್ಮ ನೀರಿನ ಚೊಂಬು ಹಿಡ್ಕೊಂಡು ಓಡಿ ಬಂದ್ರು, ಬೇಡಮ್ಮಾ ಅಂತ ಕೂಗಿ ಮೇಲೆ ಬಾಣಲೆ ಕವುಚಿದೆ. ಉರಿಯೋ ಮೇಣಕ್ಕೆ ನೀರು ಬಿದ್ರೆ ಆವಿಯಾಗಿ ಬೆಂಕಿ ಸಮೇತ ಸಿಡಿಯುತ್ತೆ.

ಬ್ಯಾಟರಿ ಕ್ಯಾಂಡಲ್ ಸೇಫು, ಆದ್ರೆ ನನಗೆ ಸಪ್ಪೆ.

ಡಬ್ಬಿ 280 ರೂಪಾಯಿ. ಸೀಳಲ್ಲ. ಮುಚ್ಚಳ ಹಾಕಿದ್ರೆ ಆರುತ್ತೆ, ಹೊಗೆ ಕಮ್ಮಿ, ದೀಪ ಬಾಯಲ್ಲಿ ಊದಿ ಆರಿಸ್ಬಾರ್ದು ಅನ್ನೋ ಅಮ್ಮನಿಗೂ ಸಮಾಧಾನ. ತಳ ಮಾತ್ರ ಚೆನ್ನಾಗಿ ಕಾಯುತ್ತೆ, ಟೇಬಲ್ ಮೇಲೆ ಬಿಳಿ ಉಂಗುರ ಬಿದ್ದಿದೆ, ಈಗ ಕೆಳಗೆ ಒಂದು ಟೈಲ್ ತುಂಡು. ಎಷ್ಟು ಮೇಣ ಉಳಿದಿದೆ ಅಂತ ಹೊರಗಿಂದ ಕಾಣಲ್ಲ, ಬಗ್ಗಿ ನೋಡಿ ಅರ್ಧ ಇಂಚಿಗೆ ಬಂದ್ರೆ ಹಚ್ಚೋದು ನಿಲ್ಲಿಸ್ಬೇಕು. ನಾನು ಹಾಡು ಕೇಳ್ತಾ ತೂಕಡಿಸೋ ಗಿರಾಕಿ, ಅದಕ್ಕೆ ಮೊಬೈಲಲ್ಲಿ ಅಲಾರಾಂ ಇಟ್ಟೇ ಹಚ್ಚೋದು.

ಕರೆಂಟ್ ಹೋದ್ರೆ ಮಾತ್ರ ಮರಳಿನ ಲೋಟ. 280 ರೂಪಾಯಿದನ್ನ ಅನ್ನಕ್ಕೆ ಇಡೋ ಬೆಳಕಿಗೆ ಸುಡೋಕೆ ಮನಸ್ಸು ಬರಲ್ಲ.