ಸ್ಪ್ಲಿಟ್ ಎಸಿ ನಾವೇ ಕೂರಿಸೋದಾ, ಮೆಕ್ಯಾನಿಕ್ ಕರೆಸೋದಾ?

ಕಲಬುರಗಿಯ ಬಿಸಿಲು ಗೊತ್ತಲ್ವಾ, ಏಪ್ರಿಲ್‌ನಲ್ಲೇ 40 ಡಿಗ್ರಿ ದಾಟುತ್ತದೆ. ಅಮ್ಮನ ರೂಮಿಗೆ ಒಂದು ಟನ್ನಿನ ಸ್ಪ್ಲಿಟ್ ಎಸಿ ತಂದೆವು. ವಿಡಿಯೋ ನೋಡಿ ನಾವೇ ಕೂರಿಸೋಣ ಎಂದ ತಮ್ಮ. ನಾನು ಒಪ್ಪದೆ ನಮ್ಮ ಬಡಾವಣೆಯ ಮೆಕ್ಯಾನಿಕ್‌ ಅವರನ್ನೇ ಕರೆಸಿದೆ. ಅವರ ಕೆಲಸಕ್ಕೆ ಐದಕ್ಕೆ ಐದು ಸ್ಟಾರ್.

ಗೋಡೆಗೆ ಪ್ಲೇಟ್ ಹೊಡೆಯೋದು, ಹೊರಗೆ ಸ್ಟ್ಯಾಂಡ್ ಕೂರಿಸೋದು ಡ್ರಿಲ್ ಹಿಡಿದು ಅಭ್ಯಾಸ ಇದ್ದವರಿಗೆ ಆಗುತ್ತದೆ. ನಿಜವಾದ ಕೆಲಸ ತಾಮ್ರದ ಪೈಪಿನದು. ಪೈಪ್ ಕತ್ತರಿಸಿ, ಚೂರು ಒಳಗೆ ಬೀಳದಂತೆ ಬಾಯಿ ಕೆಳಗೆ ಮಾಡಿ ಹಿಡಿದು ಅಂಚು ಉಜ್ಜಿದರು. ನಟ್ ತೂರಿಸಿ, ತುದಿಯನ್ನು ಫ್ಲೇರ್ ಟೂಲ್‌ನಲ್ಲಿ ಅರಳಿಸಿದರು. ಅಂಚು ಒಂಚೂರು ಸೀಳಿತು. ಸುಮ್ನೆ ಬಿಡದೆ, ಅಷ್ಟನ್ನು ಕತ್ತರಿಸಿ ಮತ್ತೆ ಮಾಡಿದರು. ಆಮೇಲೆ ಪೈಪಿನೊಳಗಿನ ಗಾಳಿ, ತೇವ ಎಳೆದು ತೆಗೆಯೋಕೆ ವ್ಯಾಕ್ಯೂಮ್ ಪಂಪ್ ಓಡಿಸಿ, ನಿಲ್ಲಿಸಿ, ಗೇಜಿನ ಮುಳ್ಳು ಏರುತ್ತದಾ, ಅಂದರೆ ಎಲ್ಲಾದರೂ ಸೋರುತ್ತಿದೆಯಾ ಎಂದು ಕಾದು ನೋಡಿದರು. ಎಷ್ಟೋ ಜನ ಪಂಪ್ ಹಾಕದೆ, ಎಸಿಯಲ್ಲಿರುವ ತಂಪು ಮಾಡುವ ಗ್ಯಾಸನ್ನೇ ಸ್ವಲ್ಪ ಬಿಟ್ಟು ಗಾಳಿ ಹೊರದಬ್ಬಿ ಮುಗಿಸಿಬಿಡುತ್ತಾರೆ. ಹಾಗೆ ಮಾಡಿದರೆ ಒಳಗೆ ತೇವ ಉಳಿದು ಕಂಪ್ರೆಸರ್‌ಗೇ ಪೆಟ್ಟು. ಮೇಲಾಗಿ ಈಗಿನ ಆರ್-32 ಗ್ಯಾಸಿಗೆ ಬೆಂಕಿ ಹತ್ತಬಹುದು, ಅದರ ಜೊತೆ ಆಟ ಬೇಡ.

ಪಂಪ್, ಗೇಜ್, ಫ್ಲೇರ್ ಟೂಲ್ ಎಲ್ಲ ಕೊಳ್ಳೋಕೆ ಹೋದರೆ ಅವರ ಕೂಲಿಗಿಂತ ಜಾಸ್ತಿಯೇ ಆಗುತ್ತದೆ. ಒಂದೇ ಮಾತು: ಎಸಿ ಜೊತೆ ಬಂದ ಪೈಪ್ ಸಾಲದಿದ್ದರೆ ಮೀಟರ್ ಲೆಕ್ಕದಲ್ಲಿ ಬೇರೆ ದುಡ್ಡು, ಮೊದಲೇ ಕೇಳಿಕೊಳ್ಳಿ. ಒಳಗಿನ ಯೂನಿಟ್‌ನ ಟ್ರೇಗೆ ಒಂದು ಲೋಟ ನೀರು ಸುರಿಸಿ, ಡ್ರೈನ್ ಪೈಪಿನಿಂದ ಸರಾಗವಾಗಿ ಹೊರಗೆ ಬರುತ್ತದಾ ಎಂದು ಅವರ ಎದುರಿಗೇ ನೋಡಿಕೊಂಡು ದುಡ್ಡು ಕೊಡಿ.