ಯಕ್ಷಗಾನದ ಆಟ ರೆಕಾರ್ಡ್ ಮಾಡಲು ಯಾವ ಕ್ಯಾಮ್‌ಕಾರ್ಡರ್? ಮಿನಿಡಿವಿ, ಎಚ್‌ಡಿವಿ, ಎವಿಸಿಎಚ್‌ಡಿ

ಬೆಳಗಿನವರೆಗೆ ನಡೆಯುವ ಯಕ್ಷಗಾನ ಹಿಡಿಯಲು ಕ್ಯಾಮ್‌ಕಾರ್ಡರ್ ಕೊಳ್ಳುವಾಗ ಮೆಗಾಪಿಕ್ಸೆಲ್ ಲೆಕ್ಕ ಬಿಟ್ಟುಬಿಡಿ. ಎಷ್ಟು ಹೊತ್ತು ನಿಲ್ಲಿಸದೆ ಓಡುತ್ತದೆ, ಧ್ವನಿಯ ಲೆವೆಲ್ ನಮ್ಮ ಕೈಯಲ್ಲಿದೆಯೇ ಎಂಬುದನ್ನು ನೋಡಿ. ಮೂರೂ ಬಗೆಯನ್ನು ರಂಗಸ್ಥಳದ ಮುಂದೆ ಬಳಸಿ ನೋಡಿಯೇ ಈ ಮಾತು.

ಮಿನಿಡಿವಿ ಸಣ್ಣ ಟೇಪಿನ ಕ್ಯಾಮೆರಾ. ಅದರದು 720×576 ಚಿತ್ರ, ಸೆಕೆಂಡಿಗೆ 25 ಮೆಗಾಬಿಟ್. ಪ್ರತಿ ಫ್ರೇಮೂ ಬೇರೆಬೇರೆಯಾಗಿ ಕಂಪ್ರೆಸ್ ಆಗುವುದರಿಂದ ಹಳೆಯ ಕಂಪ್ಯೂಟರಿನಲ್ಲೂ ಎಡಿಟಿಂಗ್ ಸಲೀಸು. ಆದರೆ ಟೇಪು 60 ನಿಮಿಷಕ್ಕೆ ಮುಗಿಯುತ್ತದೆ, ಬದಲಿಸುವಷ್ಟರಲ್ಲಿ ಪದ್ಯದ ಒಂದು ಚರಣ ಹೋಗಿರುತ್ತದೆ. ಟೇಪು ನಿಧಾನವಾಗಿ ಓಡುವ ಎಲ್‌ಪಿ ಮೋಡಿನಲ್ಲಿ 90 ನಿಮಿಷ ಸಿಕ್ಕರೂ ಅದನ್ನು ನಂಬಬೇಡಿ: ಟ್ರ್ಯಾಕಿನ ಅಗಲ 10 ಮೈಕ್ರಾನಿನಿಂದ 6.7ಕ್ಕೆ ಇಳಿಯುವುದರಿಂದ, ಬೇರೆ ಕ್ಯಾಮೆರಾದಲ್ಲಿ ಹಾಕಿದಾಗ ಚಿತ್ರ ಚೌಕಚೌಕವಾಗಿ ಒಡೆಯುವುದುಂಟು. ಎಂಟು ಗಂಟೆಯ ಆಟವನ್ನು ಫೈರ್‌ವೈರ್ ಕೇಬಲಿನಲ್ಲಿ ಕಂಪ್ಯೂಟರಿಗೆ ಇಳಿಸಲು ಎಂಟು ಗಂಟೆಯೇ ಬೇಕು, ಗಂಟೆಗೆ ಸುಮಾರು 13 ಜಿಬಿ ಜಾಗವೂ ಬೇಕು. ಇನ್ನೊಂದು ತೊಂದರೆ ಕರಾವಳಿಯ ಸೆಕೆಯದು. ಎಸಿ ಕಾರಿನಿಂದ ಇಳಿಸಿದ ಕೂಡಲೇ ಟೇಪು ಓದುವ ಹೆಡ್ಡಿನ ಡ್ರಮ್ಮಿನ ಮೇಲೆ ಹನಿ ಕಟ್ಟಿ, ಪರದೆಯಲ್ಲಿ ತೇವದ ಎಚ್ಚರಿಕೆ ಬಂದು ಕ್ಯಾಮೆರಾ ನಿಂತುಬಿಡುತ್ತದೆ. ಆಗ ಟೇಪು ತೆಗೆದು, ಬಾಗಿಲು ತೆರೆದಿಟ್ಟು ಒಂದು ಗಂಟೆ ಕಾಯಬೇಕು.

ಎಚ್‌ಡಿವಿಗೂ ಅದೇ ಟೇಪು, ಅದೇ 25 ಮೆಗಾಬಿಟ್. 1440×1080 ಚಿತ್ರವನ್ನು ಅಷ್ಟರಲ್ಲೇ ಹಿಡಿಸಲು ಹನ್ನೆರಡು ಫ್ರೇಮುಗಳನ್ನು ಒಂದು ಗುಂಪಾಗಿ ಎಂಪೆಗ್-2 ಎಂಬ ಕಂಪ್ರೆಷನ್ನಿನಲ್ಲಿ ಕಟ್ಟುತ್ತದೆ. ಮಿನಿಡಿವಿಯಲ್ಲಿ ನಾಲ್ಕು ಚೌಕ ಕೆಡಿಸುವ ಧೂಳಿನ ಕಣ ಇಲ್ಲಿ ಅರ್ಧ ಸೆಕೆಂಡಿನಷ್ಟು ಚಿತ್ರವನ್ನೇ ನುಂಗಬಲ್ಲದು. ಇನ್ನು 8 ಸೆಂಟಿಮೀಟರಿನ ಡಿವಿಡಿ ಕ್ಯಾಮೆರಾ: ಒಳ್ಳೆಯ ಗುಣಮಟ್ಟದಲ್ಲಿ 20 ನಿಮಿಷ. ಆಟಕ್ಕೆ ಪ್ರಯೋಜನವಿಲ್ಲ.

ನಮ್ಮ ಆಯ್ಕೆ ಟೇಪಿನ ಬದಲು ಮೆಮೊರಿ ಕಾರ್ಡಿಗೆ ಹಿಡಿಯುವ ಎವಿಸಿಎಚ್‌ಡಿ. ಸೋನಿ, ಪ್ಯಾನಸಾನಿಕ್ 2006ರಲ್ಲಿ ತಂದ ಈ ಫಾರ್ಮ್ಯಾಟಿನಲ್ಲಿ 24 ಮೆಗಾಬಿಟ್ಟಿಗೆ ಇಟ್ಟರೂ 64 ಜಿಬಿ ಕಾರ್ಡಿನಲ್ಲಿ ಆರು ಗಂಟೆಯ ಹತ್ತಿರ ಹಿಡಿಸುತ್ತದೆ. ಅರ್ಧ ಗಂಟೆಗೆ ನಿಂತುಬಿಡುವ ಎಷ್ಟೋ ಡಿಎಸ್‌ಎಲ್‌ಆರ್‌ಗಳ ಕಾಟವಿಲ್ಲ. ಆದರೆ ಕಾರ್ಡಿನಲ್ಲಿ ಫೈಲು 2 ಅಥವಾ 4 ಜಿಬಿಗೊಮ್ಮೆ ತುಂಡಾಗುತ್ತದೆ. ಎಂಟಿಎಸ್ ಎಂಬ ವಿಡಿಯೊ ಫೈಲುಗಳನ್ನಷ್ಟೇ ಎಳೆದುಕೊಂಡು ಜೋಡಿಸಿದರೆ ಸಂದಿನಲ್ಲಿ ಚೆಂಡೆಯ ಒಂದೆರಡು ಪೆಟ್ಟು ತಪ್ಪಿಹೋಗುತ್ತದೆ. ಹಾಗಾಗಿ ಕಾರ್ಡಿನ ಇಡೀ ಫೋಲ್ಡರನ್ನು ನಕಲು ಮಾಡಿ, ಕ್ಯಾಮೆರಾದ ಜೊತೆ ಬಂದ ಸಾಫ್ಟ್‌ವೇರಿನಲ್ಲೇ ಜೋಡಿಸಿ.

ಮೈಕ್ ಜಾಕ್ ಮತ್ತು ಮ್ಯಾನುವಲ್ ಆಡಿಯೊ ಲೆವೆಲ್ ಇಲ್ಲದ ಮಾಡೆಲ್ ಎಷ್ಟೇ ಅಗ್ಗವಾದರೂ ಬೇಡ. ಆಟೊ ಲೆವೆಲ್ಲಿನಲ್ಲಿ ಚೆಂಡೆ ಜೋರಾಗಿ ಬಿದ್ದೊಡನೆ ಧ್ವನಿ ತಗ್ಗಿ, ಅದು ಮತ್ತೆ ಮೇಲೇರುವಷ್ಟರಲ್ಲಿ ವೇಷಧಾರಿಯ ಅರ್ಥದ (ಮಾತಿನ) ಮೊದಲ ಶಬ್ದಗಳು ಕೇಳಿಸದೆ ಹೋಗುತ್ತವೆ. ಆಟ ಶುರುವಾಗುವ ಮುಂಚೆ ಚೆಂಡೆ ಬಾರಿಸುವಾಗಲೇ ಮೀಟರಿನ ಗರಿಷ್ಠ ಮಟ್ಟವನ್ನು ಮೈನಸ್ 12 ಡೆಸಿಬೆಲ್ಲಿಗೆ ನಿಲ್ಲಿಸಿ, ಬೆಳಗಿನವರೆಗೆ ಮುಟ್ಟಬೇಡಿ.

ಅಮೆರಿಕದ ನೆಂಟರು ತಂದ ಕ್ಯಾಮೆರಾವಾದರೆ ಅದು ಸೆಕೆಂಡಿಗೆ 60 ಫೀಲ್ಡಿನದು (ಫೀಲ್ಡ್ ಎಂದರೆ ಅರ್ಧ ಫ್ರೇಮ್). ನಮ್ಮ 50 ಹರ್ಟ್ಸ್ ಕರೆಂಟಿನ ಟ್ಯೂಬ್‌ಲೈಟಿನಡಿ ಚಿತ್ರ ಮಿಣುಕುತ್ತದೆ. ಶಟರ್ 1/100ಕ್ಕೆ ಇಟ್ಟರೆ ಮಿಣುಕು ನಿಲ್ಲುತ್ತದೆ.